ಆಟದ ಬಯಲು ಯಾರದು?

(ಸಿಗಂದೂರು ಸೀಮೆಯ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತಿನ ಸಭೆಯಲ್ಲಿ ಮಕ್ಕಳ ಆಟದ ಬಗ್ಗೆ ಮಾತಾಡ್ತೇವೆ ಅಂದಾಗ ನಮ್ಮವರೇ ಕೆಲವರು ನಕ್ಕರು. ಭೂಮಿಯ ಪ್ರಶ್ನೆ ಇದೆ, ಸ್ಕಾಲರ್‌ಶಿಪ್ಪಿನ ಪ್ರಶ್ನೆ ಇದೆ, ಹಾಸ್ಟೆಲ್ ಊಟದ ಪ್ರಶ್ನೆ ಇದೆ, ಅದೆಲ್ಲ ಬಿಟ್ಟು ಕಬಡ್ಡಿ ಖೋಖೋ ಎಂತಕ್ಕೆ ಅಂತ ಕೇಳಿದರು. ಕೇಳಿದ್ದು ತಪ್ಪಲ್ಲ. ಹಸಿದ ಹೊಟ್ಟೆಗೆ ಆಟ ಕಾಣೋದಿಲ್ಲ. ಆದರೆ ಒಂದು ಮಾತು ಯೋಚನೆ ಮಾಡಿ. ಭೂಮಿ ಯಾರ ಹತ್ತಿರ ಇದೆಯೋ ಆಡುವ ಬಯಲೂ ಅವರ ಹತ್ತಿರವೇ ಇದೆ. ಹೊಟ್ಟೆಗೆ ಯಾರಿಗೆ ಸಿಕ್ಕಿದೆಯೋ ಓಡುವ ಕಾಲೂ ಅವರಿಗೇ ಸಿಕ್ಕಿದೆ. ಆಟದ ಪ್ರಶ್ನೆ ಭೂಮಿಯ ಪ್ರಶ್ನೆಯ ಬೆನ್ನಿಗೇ ಬರ್ತದೆ. ಅದು ಬೇರೆ ಪ್ರಶ್ನೆ ಅಲ್ಲ.

ನಮ್ಮ ಹಿರಿಯರಿಗೆ ಮೈ ಇತ್ತು. ಆ ಮೈ ಯಾರದಾಗಿತ್ತು? ಗದ್ದೆ ಹೂಡಲಿಕ್ಕೆ ಒಡೆಯರದು, ಅಡಿಕೆ ಕೊನೆ ಹೊರಲಿಕ್ಕೆ ಒಡೆಯರದು, ಸತ್ತ ದನ ಎಳೆಯಲಿಕ್ಕೆ ಊರಿನದು. ಸಂಜೆ ಮನೆಗೆ ಬಂದ ಮೇಲೆ ಉಳಿದ ಸುಸ್ತು ಮಾತ್ರ ಅವರದಾಗಿತ್ತು. ಕೂಲಿ ಮಾಡುವಾಗ ಮೈ ಬೇರೆಯವರ ಲೆಕ್ಕದಲ್ಲಿ ಓಡ್ತದೆ. ಆಟ ಆಡುವಾಗ ಮಾತ್ರ ಅದು ತನ್ನ ಖುಷಿಗೆ ಓಡ್ತದೆ. ನಮ್ಮ ಮಕ್ಕಳು ದಿನಕ್ಕೆ ಒಂದು ಗಂಟೆ ತಮ್ಮ ಖುಷಿಗೆ ಓಡಲಿ ಅಂತ ಕೇಳುವುದು ಐಷಾರಾಮದ ಬೇಡಿಕೆ ಅಲ್ಲ. ವಿಶ್ವಸಂಸ್ಥೆ 1989ರಲ್ಲಿ ಮಾಡಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ವಿರಾಮ ಮತ್ತು ಆಟ ಮಕ್ಕಳ ಹಕ್ಕು ಅಂತ ಬರೆದಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿದೆ. ಒಪ್ಪಿದ್ದು ದೆಹಲಿಯಲ್ಲಿ. ಆ ಮಾತು ತುಮರಿಗೆ, ನಗರಕ್ಕೆ, ಆಗುಂಬೆಗೆ ಎಷ್ಟು ಬಂದಿದೆ ಅಂತ ನೋಡುವುದೇ ಇವತ್ತಿನ ನಮ್ಮ ಕೆಲಸ.

ಮುಟ್ಟುವ ಆಟ

ನಮ್ಮ ಶಾಲೆಗಳಲ್ಲಿ ಹೆಚ್ಚು ಆಡುವ ಆಟ ಯಾವುವು? ಕಬಡ್ಡಿ, ಖೋಖೋ. ಎರಡೂ ಮುಟ್ಟುವ ಆಟಗಳು. ಕಬಡ್ಡಿಯಲ್ಲಿ ಎದುರಿನವನನ್ನು ಮುಟ್ಟಿ ಬಂದರೆ ಪಾಯಿಂಟು. ಅವನನ್ನು ಹಿಡಿಯಬೇಕಾದರೆ ತಬ್ಬಿಯೇ ಹಿಡಿಯಬೇಕು. ಖೋಖೋದಲ್ಲಿ ಕೂತವನ ಬೆನ್ನು ಮುಟ್ಟಿ ಖೋ ಅನ್ನದೆ ಅವನು ಏಳುವ ಹಾಗಿಲ್ಲ. ಊರು ಮುಟ್ಟಬೇಡ ಅಂದದ್ದನ್ನು ಆಟ ಮುಟ್ಟಲೇಬೇಕು ಅಂತದೆ. ಬೆವರಿಗೆ ಬೆವರು ತಾಗ್ತದೆ, ಮಣ್ಣಿನಲ್ಲಿ ಒಬ್ಬರ ಮೇಲೊಬ್ಬರು ಬೀಳ್ತಾರೆ. ಅಷ್ಟು ಹೊತ್ತು ಮೇಲಿನ ಕೇರಿ, ಕೆಳಗಿನ ಕೇರಿ ಇರೋದಿಲ್ಲ.

ಆದರೆ ಸೀಟಿ ಊದಿ ಆಟ ಮುಗಿದ ಮೇಲೆ? ಹತ್ತು ಜನ ಒಟ್ಟಿಗೆ ಆಡಿದ ಹುಡುಗರಿಗೆ ನೀರು ಕುಡಿಯುವಾಗ ಜಾತಿ ನೆನಪಾಗ್ತದೆ. ನಾವು ಓದಿದ ಒಂದು ಶಾಲೆಯಲ್ಲಿ ಕಪ್ ಗೆದ್ದ ದಿನ ತಂಡಕ್ಕೆ ಒಬ್ಬರ ಮನೆಯಲ್ಲಿ ಪಾನಕ ಕೊಟ್ಟರು. ನಮ್ಮ ಕೇರಿಯ ಮೂವರಿಗೆ ಅಂಗಳದಲ್ಲೇ, ಬೇರೆ ಲೋಟದಲ್ಲಿ. ರೇಡಿಗೆ ಹೋಗಿ ನಾಲ್ಕು ಜನರನ್ನು ಔಟ್ ಮಾಡಿ ಬಂದದ್ದು ಆ ಮೂವರಲ್ಲಿ ಒಬ್ಬ. ಪಥಸಂಚಲನಕ್ಕೆ ಬಾವುಟ ಹಿಡಿಯುವವ ಬೇರೆ, ಕ್ಯಾಪ್ಟನ್ ಬೇರೆ, ವೇದಿಕೆ ಹತ್ತಿ ಕಪ್ ಇಸಿದುಕೊಳ್ಳುವವ ಬೇರೆ. ಓಡಲಿಕ್ಕೆ, ಬೀಳಲಿಕ್ಕೆ, ಮೊಣಕಾಲು ಕಿತ್ತುಕೊಳ್ಳಲಿಕ್ಕೆ ನಮ್ಮವರು. ಇಂಥದ್ದು ಒಂದೇ ಶಾಲೆಯ ಕತೆ ಅಲ್ಲ. ನಿಮ್ಮಲ್ಲಿ ಎಷ್ಟು ಜನ ತಲೆ ಆಡಿಸ್ತಾ ಇದ್ದೀರಿ ಅಂತ ನಮಗೆ ಇಲ್ಲಿಂದಲೇ ಕಾಣ್ತದೆ.

ಇದು ಹೊಸ ಕತೆಯೂ ಅಲ್ಲ. ಪಾಲ್ವಂಕರ್ ಬಾಲು ಅನ್ನುವ ಹೆಸರು ನಿಮ್ಮ ಯಾವ ಪಠ್ಯಪುಸ್ತಕದಲ್ಲಿ ಬಂದಿದೆ? ಬಾಲು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಚಮ್ಮಾರರ ಮಗ. ಪುಣೆಯಲ್ಲಿ ಇಂಗ್ಲಿಷರ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳುವ, ನೆಟ್ ಕಟ್ಟುವ ಆಳಾಗಿದ್ದವರು ಎಡಗೈ ಸ್ಪಿನ್ ಬೌಲಿಂಗಿನಲ್ಲಿ ಇಡೀ ದೇಶವೇ ತಿರುಗಿ ನೋಡುವ ಹಾಗೆ ಬೆಳೆದರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಮಿಕ್ಕವರಿಗೆ ಒಳಗೆ ಪಿಂಗಾಣಿ ಕಪ್ಪು. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಬಾಲು 114 ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ಕ್ಯಾಪ್ಟನ್ ಪಟ್ಟ ಅವರಿಗೆ ಸಿಗಲಿಲ್ಲ. ಅದು ಸಿಕ್ಕಿದ್ದು ಅವರ ತಮ್ಮ ವಿಠಲನಿಗೆ, 1923ರಲ್ಲಿ. ಅದೂ ಸುಮ್ಮನೆ ಸಿಗಲಿಲ್ಲ, ವರ್ಷಗಟ್ಟಲೆ ಅಣ್ಣತಮ್ಮಂದಿರು ಹಟ ಹಿಡಿದ ಮೇಲೆ ಸಿಕ್ಕಿತು. ಇದೇ ಬಾಲು 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರು ನಿಂತು ಸೋತರು. ಅದನ್ನೂ ನಾವು ಮುಚ್ಚಿಡಬೇಕಿಲ್ಲ. ರಾಜಕೀಯದಲ್ಲಿ ಅವರ ದಾರಿ ಬೇರೆ ಇತ್ತು. ಆದರೆ ಆ ಮಣ್ಣಿನ ಕುಡಿಕೆ ನಮ್ಮ ಹುಡುಗರು ಕುಡಿದ ಲೋಟದ ಅಜ್ಜ. ಅದನ್ನು ಮರೆಯುವ ಹಾಗಿಲ್ಲ.

ಅದೆಲ್ಲ ಹಳೇ ಕಾಲ ಅನ್ನುವವರಿಗೆ ಒಂದೇ ಮಾತು. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನ ಸೆಮಿಫೈನಲ್ಲಿನಲ್ಲಿ ನಮ್ಮ ಮಹಿಳಾ ಹಾಕಿ ತಂಡ ಸೋತಿತು. ಆಗ ಹರಿದ್ವಾರದ ಹತ್ತಿರ ವಂದನಾ ಕಟಾರಿಯಾ ಅವರ ಮನೆಯ ಮುಂದೆ ಪಟಾಕಿ ಹೊಡೆದು, ಜಾತಿ ಹಿಡಿದು ಬೈದರು. ತಂಡದಲ್ಲಿ ದಲಿತರು ಹೆಚ್ಚಾದದ್ದಕ್ಕೇ ಸೋತಿತಂತೆ! ಅದೇ ಒಲಿಂಪಿಕ್ಸಿನಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದು ಹ್ಯಾಟ್ರಿಕ್ ಮಾಡಿದವರು ಅದೇ ವಂದನಾ. ಗೆದ್ದರೆ ದೇಶದ ಮಗಳು, ಸೋತರೆ ಕೇರಿಯ ಮಗಳು.

ನೂರರ ಕೊಳಗ

ಈಗ ನಮ್ಮ ಊರಿಗೆ ಬರೋಣ. ಕಪ್ ಗೆದ್ದ ಮೇಲೆ ಲೋಟ ಬೇರೆ ಮಾಡುವ ಅನ್ಯಾಯ ಕಣ್ಣಿಗೆ ಕಾಣ್ತದೆ. ಮಕ್ಕಳು ಬಯಲಿಗೇ ಬರದ ಹಾಗೆ ಮಾಡುವ ಅನ್ಯಾಯ ಕಣ್ಣಿಗೆ ಕಾಣೋದಿಲ್ಲ. ಅದು ಕಾಗದದ ಒಳಗೆ ಇರ್ತದೆ.

ನಮ್ಮ ಸಾಗರ ತಾಲೂಕಿನ ಕಾಗೋಡಿನ ಹೆಸರು ನಿಮಗೆ ಗೊತ್ತು. 1951ರಲ್ಲಿ ಅಲ್ಲಿ ಗೇಣಿದಾರರು ಎದ್ದು ನಿಂತರು. ಜಗಳ ಶುರುವಾದದ್ದು ಎಲ್ಲಿ? ಗೇಣಿ ಭತ್ತ ಅಳೆಯುವ ಕೊಳಗದಲ್ಲಿ. ಒಡೆಯರ ಕೊಳಗ ದೊಡ್ಡದು. ಲೆಕ್ಕ ಸರಿಯಾಗಿಯೇ ಇರ್ತಿತ್ತು, ಇಷ್ಟು ಕೊಳಗ ಅಂದರೆ ಇಷ್ಟೇ ಕೊಳಗ. ಮೋಸ ಇದ್ದದ್ದು ಎಣಿಕೆಯಲ್ಲಿ ಅಲ್ಲ, ಅಳತೆಯಲ್ಲಿ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗವನ್ನೇ ಪ್ರಶ್ನೆ ಮಾಡಿದ್ದು ಆ ಹೋರಾಟದ ದೊಡ್ಡತನ.

ಈಗ ಶಾಲೆಯ ಕೊಳಗ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಳ್ಳೆಯ ಕಾಯ್ದೆ. ಅದರ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಆಟದ ಸಾಮಾನು ಕೊಡಬೇಕು ಅಂತ ಇದೆ. ಆದರೆ ಆಟ ಕಲಿಸುವವರು? ಆರರಿಂದ ಎಂಟನೇ ತರಗತಿಗೆ, ಮಕ್ಕಳ ಸಂಖ್ಯೆ ನೂರು ಮೀರಿದರೆ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು. ನೂರು ಮೀರದಿದ್ದರೆ? ಕಾಯ್ದೆ ಸುಮ್ಮನಾಗ್ತದೆ.

ಬಯಲುಸೀಮೆಯ ದೊಡ್ಡ ಊರಿಗೆ ನೂರು ದೊಡ್ಡ ಸಂಖ್ಯೆ ಅಲ್ಲ. ಮಲೆನಾಡಿನಲ್ಲಿ ನೂರು ಮಕ್ಕಳು ಎಲ್ಲಿಂದ ಬರಬೇಕು? ಇಲ್ಲಿ ಗುಡ್ಡಕ್ಕೊಂದು ಮನೆ, ಹೊಂಡಕ್ಕೊಂದು ಮನೆ. ಅದರ ಮೇಲೆ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದೆ ಸರಿದು ನಿಂತಿತು. ಊರುಗಳು ಹೋದವು, ಗದ್ದೆ ಹೋದವು, ಕಣ ಹೋದವು. ಪಟ್ಟಾ ಇದ್ದವರಿಗೆ ಪರಿಹಾರದ ಲೆಕ್ಕ ಇತ್ತು. ಪಟ್ಟಾ ಇಲ್ಲದ ಕೂಲಿಯವನ ಮನೆ ಯಾವ ಲೆಕ್ಕದಲ್ಲಿತ್ತು? ಉಳಿದವರು ನೀರಿನ ಈಚೆ, ಕರೂರು ಭಾರಂಗಿ ಹೋಬಳಿಗಳಲ್ಲಿ ಚದುರಿ ಉಳಿದರು. ಹೀಗೆ ಚದುರಿಸಿದ್ದು ಸರ್ಕಾರ. ಈಗ ನೀವು ಕಡಿಮೆ ಜನ ಇದ್ದೀರಿ, ನಿಮಗೆ ಪಿ.ಟಿ. ಮೇಷ್ಟ್ರು ಬರೋದಿಲ್ಲ ಅನ್ನುವುದೂ ಸರ್ಕಾರ. ಇದು ಒಡೆಯರ ಕೊಳಗ ಅಲ್ಲದೆ ಮತ್ತೆಂತ?

ಇನ್ನೊಂದು ಲೆಕ್ಕ ಹಾಕೋಣ. ಒಂದರಿಂದ ಏಳರವರೆಗೆ ಇಪ್ಪತ್ತು ಮಕ್ಕಳಿರುವ ಶಾಲೆ ಅಂತ ಇಟ್ಟುಕೊಳ್ಳಿ. ಹತ್ತು ಗಂಡು, ಹತ್ತು ಹೆಣ್ಣು. ಒಂದು ಎರಡು ಮೂರನೇ ಕ್ಲಾಸಿನ ಚಿಕ್ಕವರನ್ನು ಬಿಡಿ. ಉಳಿಯುವವರು ಐದು ಹುಡುಗರು, ಐದು ಹುಡುಗಿಯರು. ಕಬಡ್ಡಿಗೆ ಅಂಕಣದೊಳಗೆ ಏಳು ಜನ ಬೇಕು. ಖೋಖೋಗೆ ಒಂಬತ್ತು. ವಾಲಿಬಾಲಿಗೂ ಆರು. ಆ ಶಾಲೆಯ ಮಕ್ಕಳು ಎಷ್ಟೇ ಚುರುಕಾಗಿರಲಿ, ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಒಂದು ತಂಡವನ್ನೂ ಕಟ್ಟಲಾರರು. ಹೋಬಳಿ ದಾಟದೆ ತಾಲೂಕು ಇಲ್ಲ, ತಾಲೂಕು ದಾಟದೆ ಜಿಲ್ಲೆ ಇಲ್ಲ, ಜಿಲ್ಲೆ ದಾಟದೆ ವಿಭಾಗ ಇಲ್ಲ, ರಾಜ್ಯ ಇಲ್ಲ. ಮುಂದೆ ಪ್ರೊಫೆಷನಲ್ ಕೋರ್ಸಿನ ಸೀಟಿಗೆ ಕ್ರೀಡಾ ಕೋಟಾ ಅಂತ ಇದೆ. ಅದಕ್ಕೆ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿನ ಏಣಿಯ ಮೊದಲ ಮೆಟ್ಟಿಲೇ ಇಲ್ಲಿ ಇಲ್ಲ. ಮತ್ತೆ ಹೇಳ್ತಾರೆ, ಈ ಕಡೆಯ ಮಕ್ಕಳಿಗೆ ಆಸಕ್ತಿ ಇಲ್ಲ ಅಂತ!

ಆ ಶಾಲೆಗಳಲ್ಲಿ ಕೂತಿರುವವರು ಯಾರು? ಕೈಯಲ್ಲಿ ಕಾಸು ಇದ್ದವರ ಮಕ್ಕಳು ವ್ಯಾನು ಹತ್ತಿ ಪೇಟೆಯ ಕಾನ್ವೆಂಟಿಗೆ ಹೋದರು. ಉಳಿದವರು ನಮ್ಮವರು, ಕೂಲಿಯವರ ಮಕ್ಕಳು, ಗುಡ್ಡದ ಮೇಲಿನ ಮಕ್ಕಳು. ಕೊಳಗ ಯಾರ ಜಾತಿಯನ್ನೂ ಕೇಳೋದಿಲ್ಲ. ಆದರೆ ಅದರಲ್ಲಿ ಕಡಿಮೆ ಬೀಳುವವರು ಯಾವಾಗಲೂ ನಾವೇ.

ಮಳೆ, ಹೊಳೆ, ದಾರಿ

ಆಗುಂಬೆ ಇರುವುದು ತೀರ್ಥಹಳ್ಳಿ ತಾಲೂಕಿನಲ್ಲಿ, ಹುಲಿಕಲ್ಲು ಹೊಸನಗರ ತಾಲೂಕಿನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಹೋಬಳಿ, ತಾಲೂಕು ಕ್ರೀಡಾಕೂಟ ನಡೆಯುವುದೂ ಹೆಚ್ಚಾಗಿ ಆ ಮಳೆಗಾಲದ ಬೆನ್ನಿಗೇ. ಶಾಲೆ ಶುರುವಾದ ಮೇಲೆ ನಮ್ಮ ಮಕ್ಕಳಿಗೆ ಅಂಗಳ ಒಣಗಿ ಸಿಗುವುದೇ ಇಲ್ಲ. ಕೊಪ್ಪೆ ಹಾಕಿಕೊಂಡು, ಕೊಡೆ ಹಿಡಿದುಕೊಂಡು ಶಾಲೆ ಮುಟ್ಟುವುದೇ ಅವರ ಓಟದ ಸ್ಪರ್ಧೆ. ಕೆಸರಿನಲ್ಲಿ ಖೋಖೋ ಕಂಬ ನೆಡುವುದು ಹ್ಯಾಗೆ? ಗದ್ದೆ ಕೊಯ್ಲಾಗಿ, ಬಯಲು ಬಿಡುವಾಗಿ, ನೆಲ ಗಟ್ಟಿಯಾಗುವ ಡಿಸೆಂಬರಿನ ಹೊತ್ತಿಗೆ ಕೂಟಗಳೆಲ್ಲ ಮುಗಿದು ಕಪ್ಪುಗಳು ಬೀರು ಸೇರಿರ್ತವೆ. ಕ್ಯಾಲೆಂಡರು ಬರೆದವರ ಕಿಟಕಿಯಿಂದ ಮಲೆನಾಡಿನ ಮಳೆ ಕಾಣೋದಿಲ್ಲ.

ಇನ್ನು ಹೊಳೆ. ಸೇತುವೆ ಆಗುವ ತನಕ ಸಿಗಂದೂರು ಕಡೆಯವರಿಗೆ ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಲಾಂಚೇ ದಾರಿ. ಸಂಜೆಯ ಮೇಲೆ ಲಾಂಚ್ ಇಲ್ಲ. ಸಾಗರಕ್ಕೆ ತಾಲೂಕು ಕೂಟಕ್ಕೆ ಹೋದ ಮಗು ಫೈನಲ್ಲಿಗೆ ಬಂದರೆ ಖುಷಿ ಪಡಬೇಕೋ, ಕೊನೇ ಲಾಂಚ್ ತಪ್ಪುತ್ತದೆ ಅಂತ ಅಳಬೇಕೋ? ಬೇರೆಯವರು ಎದುರಾಳಿಯ ಜೊತೆ ಆಡಿದರು. ಇಲ್ಲಿಯ ಮಕ್ಕಳು ಎದುರಾಳಿಯ ಜೊತೆಗೂ ಗಡಿಯಾರದ ಜೊತೆಗೂ ಆಡಿದರು.

2025ರ ಜುಲೈ 14ರಂದು ಸೇತುವೆ ಉದ್ಘಾಟನೆ ಆಯಿತು. ಉದ್ದ 2.44 ಕಿಲೋಮೀಟರ್. ಆರು ದಶಕ ಕಾದ ಜನರಿಗೆ ಇದು ದೊಡ್ಡ ಸಂಗತಿ, ನಾವು ಸಂತೋಷವನ್ನು ಬಚ್ಚಿಡೋದಿಲ್ಲ. ಸೇತುವೆಯ ಮೇಲೆ ಈಗ ಭಕ್ತರ ಬಸ್ಸು ಬರ್ತವೆ, ಪ್ರವಾಸಿಗಳ ಕಾರು ಬರ್ತವೆ. ಬರಲಿ. ಅದೇ ಸೇತುವೆಯ ಮೇಲೆ ಒಬ್ಬ ಪಿ.ಟಿ. ಮೇಷ್ಟ್ರೂ ಬರಬೇಕು ಅಂತ ಕೇಳುವುದು ನಮ್ಮ ಕೆಲಸ. ಕ್ರೀಡಾಕೂಟದ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ತಂದುಬಿಡುವ ವಾಹನ ಬರಬೇಕು ಅಂತ ಕೇಳುವುದು ನಮ್ಮ ಕೆಲಸ. ನೀರು ದಾರಿ ತಡೆದಿತ್ತು ಅನ್ನುವ ನೆವ ಇನ್ನು ಯಾರಿಗೂ ಇಲ್ಲ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಏಳನೇ ಕ್ಲಾಸಿನವರೆಗೆ ಹುಡುಗರಿಗಿಂತ ಮುಂದೆ ಓಡಿದ ತಂಗಿ ಎಂಟನೇ ಕ್ಲಾಸಿಗೆ ಬಯಲಿನ ಅಂಚಿನಲ್ಲಿ ಕೂತು ಎಲ್ಲರ ಚಪ್ಪಲಿ ಕಾಯ್ತಾಳೆ. ಎಂತಕ್ಕೆ? ಬಟ್ಟೆ ಬದಲಿಸಲಿಕ್ಕೆ ಕೋಣೆ ಇಲ್ಲ. ಜೊತೆಗೆ ಹೋಗಲಿಕ್ಕೆ ಶಿಕ್ಷಕಿ ಇಲ್ಲ. ರಾತ್ರಿ ಉಳಿಯಬೇಕು ಅಂದರೆ ಅಪ್ಪ ಅಮ್ಮನಿಗೆ ಹೆದರಿಕೆ. ಆ ಹೆದರಿಕೆಯನ್ನು ನಾವು ಹಳಿಯಬೇಡಿ, ಕೇರಿಯ ಹೆಣ್ಣಿನ ಮೇಲೆ ಊರಿನ ಕಣ್ಣು ಹ್ಯಾಗಿರ್ತದೆ ಅಂತ ಅವರಿಗೆ ಗೊತ್ತು. ಹೆದರಿಕೆ ಹೋಗಬೇಕಾದರೆ ಜೊತೆಗೆ ಒಬ್ಬ ಶಿಕ್ಷಕಿ ಇರಬೇಕು, ಬೀಗ ಇರುವ ಕೋಣೆ ಇರಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು ಭಾರತದ ಮಹಿಳಾ ತಂಡ ಗೆದ್ದಿತಲ್ಲ, ಆ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ. ಹಳ್ಳಿಯಲ್ಲಿ ಬಯಲು, ತರಬೇತಿ, ಜೊತೆಗೆ ನಿಲ್ಲುವ ಜನ ಮೂರೂ ಕೂಡಿದರೆ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಅದು ಸಾಕ್ಷಿ.

ಮೈ ನೋಡಿ ಆರಿಸುವವರು

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೆಲವರು ನಮ್ಮನ್ನು ಹೊಗಳುವ ಹಾಗೆ ಮಾತಾಡ್ತಾರೆ. ನಿಮ್ಮವರದು ಗಟ್ಟಿ ಮೈ, ನಿಮಗೆ ಓಟ ಸರಿ, ಲೆಕ್ಕ ವಿಜ್ಞಾನ ಎಲ್ಲ ಎಂತಕ್ಕೆ ಅಂತಾರೆ. ಈ ಹೊಗಳಿಕೆಯ ಒಳಗೆ ಹಳೇ ವಿಷ ಇದೆ. ತಲೆ ಅವರಿಗೆ, ಕಾಲು ನಮಗೆ ಅನ್ನುವ ಕತೆ ನಾವು ಎಲ್ಲಿ ಕೇಳಿದ್ದೇವೆ?

ನಮ್ಮ ಪಕ್ಕದ ಉತ್ತರ ಕನ್ನಡದ ಸಿದ್ದಿ ಮಕ್ಕಳ ಕತೆ ನೋಡಿ. ಸಿದ್ದಿಗಳು ಆಫ್ರಿಕಾ ಮೂಲದವರು, ಯಲ್ಲಾಪುರ, ಹಳಿಯಾಳ, ಅಂಕೋಲದ ಕಾಡುಗಳಲ್ಲಿ ಬಾಳಿದವರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದುಕೊಂಡು ಹೋಯಿತು. ಆಫ್ರಿಕಾದ ರಕ್ತ, ಒಲಿಂಪಿಕ್ಸ್ ಪದಕ ತರ್ತಾರೆ ಅನ್ನುವ ಲೆಕ್ಕಾಚಾರ. ಮಕ್ಕಳು ಚೆನ್ನಾಗಿ ಓಡಿದರು. ಕಮಲಾ ಸಿದ್ದಿ ದೇಶದ ಪರವಾಗಿ ಓಡಿ ಪದಕ ತಂದರು. 1993ರಲ್ಲಿ ಯೋಜನೆ ನಿಂತುಹೋಯಿತು. ಕೆಲವರಿಗೆ ಕೆಲಸ ಸಿಕ್ಕಿತು, ಹಲವರು ಅರ್ಧ ದಾರಿಯಲ್ಲಿ ಕಾಡಿಗೆ ಮರಳಿದರು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಬಂದದ್ದು 2003ರಲ್ಲಿ. ಪದಕದ ಆಸೆಗೆ ಅವರ ಮೈ ತಕ್ಷಣ ಕಂಡಿತು. ಹಕ್ಕು ಕೊಡಲಿಕ್ಕೆ ಅವರ ಮುಖ ಕಾಣಲು ಅಷ್ಟು ವರ್ಷ ಬೇಕಾಯಿತು.

ಹಾಗಾಗಿ ನಾವು ಕೇಳುವುದು ಇದು: ನಮ್ಮಲ್ಲಿ ಹತ್ತು ಜನ ಗಟ್ಟಿಗರನ್ನು ಆರಿಸಿಕೊಂಡು ಹೋಗಿ ಅಂತ ನಾವು ಬೇಡೋದಿಲ್ಲ. ಕುಂಟುವ ಮಗುವೂ, ಬಡಕಲು ಮಗುವೂ, ಯಾವತ್ತೂ ಕಪ್ ಗೆಲ್ಲದ ಮಗುವೂ ದಿನಾ ಆಡಬೇಕು. ಪದಕ ಅದರಿಂದ ತಾನೇ ಬಂದರೆ ಬರಲಿ.

ಮಾಡಬೇಕಾದ್ದು

ಬೇಡಿಕೆಗಳು ಹೀಗಿವೆ. ಒಂದು, ನೂರರ ಅಳತೆ ಮಲೆನಾಡಿಗೆ ಸಲ್ಲದು. ಪಂಚಾಯಿತಿಗೆ ಒಬ್ಬರಾದರೂ ದೈಹಿಕ ಶಿಕ್ಷಕರು ಬೇಕು, ಅವರು ವಾರದಲ್ಲಿ ಸಣ್ಣ ಶಾಲೆಗಳಿಗೆಲ್ಲ ಸುತ್ತಬೇಕು. ಎರಡು, ಎರಡು ಮೂರು ಸಣ್ಣ ಶಾಲೆ ಸೇರಿ ಒಂದು ತಂಡ ಕಟ್ಟಲು ಅವಕಾಶ ಬೇಕು. ಮೂರು, ಮಲೆನಾಡಿನ ಕೂಟಗಳು ಕೊಯ್ಲಿನ ನಂತರ ನಡೆಯಬೇಕು. ನಾಲ್ಕು, ಹೋಗಿ ಬರುವ ವಾಹನ, ಹೆಣ್ಣುಮಕ್ಕಳ ಜೊತೆ ಶಿಕ್ಷಕಿ, ಕೂಟದ ದಿನ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ. 2013ರಿಂದ ಶಾಲೆಯಲ್ಲಿ ಹಾಲು, 2024ರಿಂದ ವಾರದ ಆರು ದಿನವೂ ಮೊಟ್ಟೆ ಕೊಡುವ ಕಾರ್ಯಕ್ರಮ ಬಂದಿದೆ. ಆ ಮೊಟ್ಟೆಗೂ ತಕರಾರು ತೆಗೆದವರು ಇದ್ದಾರೆ. ತಿಂದ ಮೊಟ್ಟೆ ಮೈಗೆ ಹತ್ತಬೇಕಾದರೆ ಬಯಲು ಬೇಕು.

ಸರ್ಕಾರ ಕೊಡುವ ತನಕ ಕಾಯ್ತಾ ಕೂರುವುದು ನಮ್ಮ ಚಳವಳಿಯ ರೀತಿ ಅಲ್ಲ. ಹಾಸ್ಟೆಲಿನಲ್ಲಿರುವ ನೀವು ಇಂದೇ ಮಾಡಬಹುದಾದ ಕೆಲಸ ಇದೆ. ರಜೆಗೆ ಊರಿಗೆ ಹೋದಾಗ ಕೇರಿಯ ಮಕ್ಕಳನ್ನು ಸೇರಿಸಿ. ಕೊಯ್ದ ಗದ್ದೆ ಬಯಲಿನಲ್ಲಿ ಸುಣ್ಣದ ಗೆರೆ ಎಳೆಯಿರಿ. ಊರಿನ ಮಕ್ಕಳನ್ನೂ ಕರೆಯಿರಿ, ಬರದಿದ್ದರೆ ಮತ್ತೆ ಕರೆಯಿರಿ. ಆಟ ಮುಗಿದ ಮೇಲೆ ಎಲ್ಲರಿಗೂ ಒಂದೇ ಕೊಡದಿಂದ, ಒಂದೇ ಲೋಟದಲ್ಲಿ ನೀರು ಕೊಡಿ. ಆ ಲೋಟ ಇಲ್ಲದ ಕಡೆ ಕಪ್ ಇಸಿದುಕೊಳ್ಳಬೇಡಿ. ನಿಮ್ಮ ಶಾಲೆಯಲ್ಲಿ ಆಟದ ಪೀರಿಯಡ್ಡು ಗಣಿತಕ್ಕೆ ಹೋಗ್ತಿದ್ದರೆ ಅರ್ಜಿ ಬರೆಯಿರಿ, ಹತ್ತು ಜನ ಸಹಿ ಹಾಕಿ. ನಿಮ್ಮ ಸುತ್ತಿನ ಶಾಲೆಗಳಲ್ಲಿ ಎಷ್ಟು ಮಕ್ಕಳು, ಮೈದಾನ ಇದೆಯಾ, ಮೇಷ್ಟ್ರು ಇದ್ದಾರಾ, ಒಂದು ನೋಟ್ ಪುಸ್ತಕದಲ್ಲಿ ಬರೆದು ತನ್ನಿ. ಮುಂದಿನ ಸಭೆಯಲ್ಲಿ ಆ ಪುಸ್ತಕಗಳನ್ನೇ ಇಟ್ಟುಕೊಂಡು ಬಿ.ಇ.ಓ. ಕಚೇರಿಗೆ ಹೋಗೋಣ.

ಓದು ಬಿಟ್ಟು ಆಡಿ ಅಂತ ಯಾರೂ ಹೇಳ್ತಾ ಇಲ್ಲ. ಓದು ನಮ್ಮ ಆಯುಧ, ಅದನ್ನು ಕೆಳಗಿಡುವ ಮಾತೇ ಇಲ್ಲ. ಆದರೆ ಆಯುಧ ಹಿಡಿಯುವ ಕೈಗೆ ಬಲ ಬೇಕು, ಬಾಗದ ಬೆನ್ನು ಬೇಕು. ಬೆನ್ನು ಬಾಗಿಸಿ ಕೂರುವುದನ್ನು ನಮಗೆ ಸಾವಿರ ವರ್ಷ ಕಲಿಸಿದ್ದಾರೆ. ಏಳುವುದನ್ನು ನಮ್ಮ ಮಕ್ಕಳು ಬಯಲಿನಲ್ಲಿ ಕಲಿಯಲಿ.

ಜೈ ಭೀಮ್.